ಕ್ವಾರ್ಟರ್‌ಬ್ಯಾಕ್ ಎಷ್ಟು ಚೆನ್ನಾಗಿ ಆಡಿದ? ಲೆಕ್ಕ ಹಾಕುವುದು ಹೀಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಜೊತೆ ಆಟಗಾರರಿಗೆ ಎಸೆಯುವವನು, ಒಂದು ಸೀಸನ್‌ನಲ್ಲಿ 4,000 ಯಾರ್ಡ್ (ಗಜ) ಪಾಸ್ ಮಾಡಿದ ಎಂದರೆ ದೊಡ್ಡ ಸಾಧನೆಯಂತೆ ಕೇಳಿಸುತ್ತದೆ. ಆದರೆ ಎಷ್ಟು ಎಸೆತಕ್ಕೆ? ಕ್ರಿಕೆಟ್‌ನಲ್ಲಿ 60 ರನ್ ಅಂದ ತಕ್ಷಣ ಎಷ್ಟು ಬಾಲ್‌ಗೆ ಅಂತ ಕೇಳುತ್ತೇವೆ ಅಲ್ವಾ? ಇಲ್ಲೂ ಅದೇ ಪ್ರಶ್ನೆಯಿಂದ ಶುರು ಮಾಡಬೇಕು.

ಮೊದಲು ಐದು ಅಂಕಿ ಬರೆದುಕೊಳ್ಳಿ. ಗ್ರೀನ್ ಬೇ ಪ್ಯಾಕರ್ಸ್‌ನ ಆರನ್ ರಾಜರ್ಸ್ 2011ರ ಸೀಸನ್ ತೆಗೆದುಕೊಳ್ಳೋಣ. ಎಸೆತ 502, ಜೊತೆ ಆಟಗಾರನ ಕೈಸೇರಿದ್ದು 343, ಯಾರ್ಡ್ 4,643, ಟಚ್‌ಡೌನ್ (ಚೆಂಡು ಎದುರಾಳಿಯ ಗೆರೆ ದಾಟಿ ಅಂಕ ಬಂದ ಪಾಸ್) 45, ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) 6.

ಇನ್ನು ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 1973ರಿಂದ ಬಳಸುತ್ತಿರುವ ಪಾಸರ್ ರೇಟಿಂಗ್ ಹಾಕಿ. ಇದರಲ್ಲಿ ನಾಲ್ಕು ಭಾಗ.

ಕೈಸೇರಿದ ಪಾಸ್ ಶೇ 68.3. ಅದರಲ್ಲಿ 30 ಕಳೆದು 0.05ರಿಂದ ಗುಣಿಸಿದರೆ 1.92.

ಒಂದು ಎಸೆತಕ್ಕೆ 9.25 ಯಾರ್ಡ್. 3 ಕಳೆದು 4ರಿಂದ ಭಾಗಿಸಿದರೆ 1.56.

ಟಚ್‌ಡೌನ್ ಶೇ 8.96. 0.2ರಿಂದ ಗುಣಿಸಿದರೆ 1.79.

ಇಂಟರ್‌ಸೆಪ್ಷನ್ ಶೇ 1.2. 0.25ರಿಂದ ಗುಣಿಸಿ, ಬಂದದ್ದನ್ನು 2.375ರಿಂದ ಕಳೆದರೆ 2.08.

ಯಾವ ಭಾಗವೂ ಸೊನ್ನೆಗಿಂತ ಕಡಿಮೆ ಆಗಬಾರದು, 2.375 ದಾಟಬಾರದು. ನಾಲ್ಕನ್ನೂ ಕೂಡಿದರೆ 7.35. ಅದನ್ನು 6ರಿಂದ ಭಾಗಿಸಿ 100ರಿಂದ ಗುಣಿಸಿದರೆ 122.5. ಗರಿಷ್ಠ ರೇಟಿಂಗ್ 158.3.

ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಒಂದು ಪಾಸೂ ಕೈಸೇರದಿದ್ದರೂ, ಇಂಟರ್‌ಸೆಪ್ಷನ್ ಆಗದಿದ್ದರೆ ಸಾಕು, 39.6 ಸಿಗುತ್ತದೆ! ಅದಕ್ಕಿಂತ ದೊಡ್ಡ ಕೊರತೆ ಸ್ಯಾಕ್. ಎಸೆಯುವ ಮುಂಚೆಯೇ ಎದುರಾಳಿ ಬೀಳಿಸಿದರೆ ತಂಡ ಹಿಂದಕ್ಕೆ ಹೋಗುತ್ತದೆ. ರೇಟಿಂಗ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅದಕ್ಕೇ ಇನ್ನೊಂದು ಲೆಕ್ಕ ಹಾಕಿ. ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೂ 20 ಸೇರಿಸಿ. ಪ್ರತಿ ಇಂಟರ್‌ಸೆಪ್ಷನ್‌ಗೂ 45 ಕಳೆಯಿರಿ. ಸ್ಯಾಕ್‌ನಲ್ಲಿ ಹೋದ ಯಾರ್ಡನ್ನೂ ಕಳೆಯಿರಿ. ಬಂದದ್ದನ್ನು ಎಸೆತ ಮತ್ತು ಸ್ಯಾಕ್‌ಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ. ರಾಜರ್ಸ್ ಆ ವರ್ಷ 36 ಸಲ ಸ್ಯಾಕ್ ಆಗಿ 219 ಯಾರ್ಡ್ ಕಳೆದುಕೊಂಡಿದ್ದರು. ಹಾಗಾಗಿ 5,054 ಭಾಗಿಸು 538, ಅಂದರೆ 9.39.

ಈಗ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪೇಟನ್ ಮ್ಯಾನಿಂಗ್ ಅವರ 2004 ನೋಡಿ. 497 ಎಸೆತ, 4,557 ಯಾರ್ಡ್, 49 ಟಚ್‌ಡೌನ್, 10 ಇಂಟರ್‌ಸೆಪ್ಷನ್. ರೇಟಿಂಗ್ 121.1, ರಾಜರ್ಸ್‌ಗಿಂತ ಕಡಿಮೆ. ಆದರೆ ಸ್ಯಾಕ್ ಬರೀ 13, ಹೋದದ್ದು 101 ಯಾರ್ಡ್. ಎರಡನೇ ಲೆಕ್ಕದಲ್ಲಿ ಮ್ಯಾನಿಂಗ್‌ಗೆ 9.78! ಕ್ರಮವೇ ತಲೆಕೆಳಗಾಯಿತು.

ಸ್ಯಾಕ್ ಆದರೆ ಮುಂದೆ ನಿಂತು ಕಾಯುವ ಲೈನ್‌ನವರದೇ ತಪ್ಪು ಅನ್ನುವವರಿದ್ದಾರೆ. ಅರ್ಧ ನಿಜ. ಚೆಂಡನ್ನು ಎಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಕ್ವಾರ್ಟರ್‌ಬ್ಯಾಕ್ ತೀರ್ಮಾನ. ಮ್ಯಾನಿಂಗ್ ಬೇಗ ಎಸೆದುಬಿಡುತ್ತಿದ್ದರು. ಅದೂ ಒಂದು ಕೌಶಲವೇ. ನನ್ನ ಮಟ್ಟಿಗೆ ಒಂದೇ ಅಂಕಿ ನೋಡಲು ಸಮಯವಿದ್ದರೆ ಈ ಎರಡನೆಯದನ್ನೇ ನೋಡಬೇಕು.

ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಎಚ್ಚರ. ರೇಟಿಂಗ್ ರೂಪಿಸಿದಾಗ ಸರಾಸರಿ ಆಟಗಾರನಿಗೆ 66.7 ಬರುವಂತೆ ಮಾಡಿದ್ದರು. ಈಗ ಸರಾಸರಿಯೇ 90ರ ಆಸುಪಾಸು. ಹಾಗಾಗಿ ಆಯಾ ವರ್ಷದ ಸರಾಸರಿಯ ಪಕ್ಕ ಇಟ್ಟೇ ನೋಡಿ.

ಕೊನೆಗೆ, ಚೆಂಡು ಹಿಡಿದ ಮೇಲೆ ರಿಸೀವರ್ ಓಡಿದ ಯಾರ್ಡ್ ಎಷ್ಟು ಅಂತ ಹುಡುಕಿ. ಎರಡು ಯಾರ್ಡ್ ದೂರದ ಪಾಸ್ ಹಿಡಿದು ರಿಸೀವರ್ 60 ಯಾರ್ಡ್ ಓಡಿದರೂ ಪೂರ್ತಿ 62 ಕ್ವಾರ್ಟರ್‌ಬ್ಯಾಕ್ ಖಾತೆಗೇ ಹೋಗುತ್ತದೆ.