ಹಳೆ ಡಿಸ್ಕ್‌ನ ವಿಂಡೋಸ್ ಹೊಸ ಡಿಸ್ಕ್‌ಗೆ: ಒಂದು ಫಾಂಟೂ ಕಳೆಯದಂತೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನ ಗೆಳೆಯನ ಡಿಟಿಪಿ ಅಂಗಡಿ ಇದೆ. ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದ. ‘ಸಿ ಡ್ರೈವ್ ಕೆಂಪಗಾಗೇದ, ಪ್ರಿಂಟ್ ಕೊಟ್ರ ಜಾಗ ಇಲ್ಲ ಅಂತದ, ಏನ್ ಮಾಡ್ಲಿ?’ ಹೋಗಿ ನೋಡಿದೆ. ಒಳಗಿದ್ದದ್ದು 240 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ಖಾಲಿ ಇದ್ದದ್ದು ಮೂರು ಜಿಬಿಗಿಂತ ಕಡಿಮೆ.

ಒಂದು ಟಿಬಿ ಡಿಸ್ಕ್ ತಂದು ವಿಂಡೋಸ್ ಹೊಸದಾಗಿ ಹಾಕೋಣ ಎಂದೆ. ಆತ ಸುತರಾಂ ಒಪ್ಪಲಿಲ್ಲ. ಆತನ ಮಾತಲ್ಲೂ ನ್ಯಾಯ ಇತ್ತು. ಊರಿಗೆ ಕಲಬುರಗಿ ಎಂಬ ಹೆಸರು ಸರ್ಕಾರಿ ಕಾಗದದಲ್ಲಿ ಬಂದದ್ದು 2014ರಲ್ಲಿ. ಆತನ ಕಂಪ್ಯೂಟರ್‌ನಲ್ಲಿ ಇನ್ನೂ ‘ಗುಲಬರ್ಗಾ’ ಅನ್ನೋ ಫೋಲ್ಡರ್ ಇದೆ. ಅದರಲ್ಲಿ ಬಾಂಡ್ ಪೇಪರ್ ಕರಡು, ಮದುವೆ ಪತ್ರಿಕೆ, 371ಜೆ ಅರ್ಜಿ ನಮೂನೆ, ಜಾತ್ರೆಯ ಕರಪತ್ರ, ಎಲ್ಲಾ ಇವೆ. ಎಲ್ಲವೂ ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದವು. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಕಾಣುತ್ತದೆ. ಇದರ ಮೇಲೆ ಪ್ರಿಂಟರ್ ಸೆಟ್ಟಿಂಗ್, ಕೀಬೋರ್ಡ್ ವಿನ್ಯಾಸ, ವರ್ಷಗಟ್ಟಲೆ ತಿದ್ದಿ ತಿದ್ದಿ ಕೂರಿಸಿದ ಪೇಜ್ ಅಳತೆ. ಇಷ್ಟನ್ನೂ ಮತ್ತೆ ಹೊಂದಿಸಲು ವಾರ ಬೇಕು. ಅಂಗಡಿ ವಾರ ಮುಚ್ಚಲು ಆಗುತ್ತಾ?

ಇಂಥವರಿಗೇ ಕ್ಲೋನಿಂಗ್ ಇರುವುದು. ಹಳೆ ಡಿಸ್ಕ್‌ನಲ್ಲಿ ಇರುವುದೆಲ್ಲ, ವಿಂಡೋಸ್ ಸಮೇತ, ಹಾಗೇ ಹೊಸ ಡಿಸ್ಕ್‌ಗೆ ಇಳಿಯುತ್ತದೆ. ಆದರೆ ವೈರಸ್ ಇದ್ದರೆ ಅದೂ ಇಳಿಯುತ್ತದೆ. ಕಂಪ್ಯೂಟರ್ ಆಗಾಗ ನೀಲಿ ಪರದೆ ತೋರಿಸಿ ನಿಲ್ಲುತ್ತಿದ್ದರೆ ಕ್ಲೋನ್ ಮಾಡಿ ಸುಖವಿಲ್ಲ, ಹೊಸದಾಗಿ ಹಾಕುವುದೇ ವಾಸಿ. ವಿಂಡೋಸ್ 10 ಇದ್ದರೆ ಕ್ಲೋನ್ ಆದ ಮೇಲೂ ಅದು ವಿಂಡೋಸ್ 10 ಆಗಿಯೇ ಇರುತ್ತದೆ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಡಿಸ್ಕ್ ತರುವ ಮುಂಚೆ

ಕಂಪ್ಯೂಟರ್‌ಗೆ ಯಾವ ಡಿಸ್ಕ್ ಕೂರುತ್ತದೆ ನೋಡಿ. ಅಂಗೈಗಿಂತ ಚಿಕ್ಕದಾದ ಚಪ್ಪಟೆ ಪೆಟ್ಟಿಗೆಯಂತಿರುವುದು ಎರಡೂವರೆ ಇಂಚಿನ ಸಾಟಾ. ಚೂಯಿಂಗ್ ಗಮ್ ಪಟ್ಟಿಯಂತಿರುವುದು ಎಂ.2. ಈ ಎಂ.2ನಲ್ಲೂ ಎರಡು ಜಾತಿ: ಹಳೆ ಸಂಪರ್ಕ ವಿಧಾನದ ಸಾಟಾ, ಅದಕ್ಕಿಂತ ವೇಗದ ಎನ್‌ವಿಎಂಇ. ನೋಡಲು ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೇ ಇರಬಹುದು. ಹತ್ತು-ಹನ್ನೆರಡು ವರ್ಷದ ಹಳೆ ಮದರ್‌ಬೋರ್ಡ್ ಆದರೆ ಅದು ಎನ್‌ವಿಎಂಇಯಿಂದ ಬೂಟ್ ಆಗುವುದೇ, ಅಂದರೆ ಶುರುವಾಗುವುದೇ ಅನುಮಾನ. ಗೊತ್ತಾಗದಿದ್ದರೆ ಹಳೆಯದನ್ನು ಬಿಚ್ಚಿಕೊಂಡೇ ಅಂಗಡಿಗೆ ಹೋಗಿ ತೋರಿಸಿ. ನಾಚಿಕೆ ಏನಿಲ್ಲ.

ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಎರಡು ಟಿಬಿ ಎಸ್‌ಎಸ್‌ಡಿ ಅಂತ ಕಂಡರೆ ಮುಂದೆ ಸರಿಯಿರಿ. ಅಷ್ಟು ಅಗ್ಗಕ್ಕೆ ಬರುವ ಪೆಟ್ಟಿಗೆಯೊಳಗೆ ಚಿಕ್ಕ ಮೆಮೊರಿ ಕಾರ್ಡ್ ಕೂರಿಸಿ, ದೊಡ್ಡ ಸಂಖ್ಯೆ ತೋರಿಸುವಂತೆ ಮಾಡಿರುತ್ತಾರೆ.

ಇನ್ನೊಂದು ಮಾತು. 1 ಟಿಬಿ ಡಿಸ್ಕ್ ಹಾಕಿದ ಮೇಲೆ ವಿಂಡೋಸ್ 931 ಜಿಬಿ ಅಂತ ತೋರಿಸಿದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅದೇ ಕಾರಣಕ್ಕೆ ಗೆಳೆಯನ 240 ಜಿಬಿ ಡಿಸ್ಕ್ 223 ಅಂತ ಕಾಣುತ್ತಿತ್ತು.

ಹಿಂದಿನ ದಿನದ ಕೆಲಸ

ಕ್ಲೋನಿಂಗ್ ತಾನಾಗಿ ನಡೆಯುತ್ತದೆ. ಕೆಡುವುದೇನಿದ್ದರೂ ಅದಕ್ಕೆ ಮುಂಚೆ ಅಥವಾ ಆಮೇಲೆ. ಹಾಗಾಗಿ ತಯಾರಿಗೆ ಒಂದು ಸಂಜೆ ಕೊಡಿ.

ಮೊದಲು ಹಳೆ ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ‘ಗುಡ್’ ಅಂದರೆ ಮುಂದುವರಿಯಿರಿ. ‘ಕಾಷನ್’ ಅಥವಾ ‘ಬ್ಯಾಡ್’ ಅಂದರೆ ಅಲ್ಲೇ ನಿಲ್ಲಿಸಿ, ಮುಖ್ಯವಾದ ಫೈಲ್‌ಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ. ಸಾಯುತ್ತಿರುವ ಡಿಸ್ಕನ್ನು ಪೂರ್ತಿ ಓದಿಸುವ ಶ್ರಮವೇ ಅದರ ಕೊನೆಯ ಶ್ರಮ ಆಗಬಹುದು. ಡಿಸ್ಕ್ ಚೆನ್ನಾಗಿದ್ದರೂ ಫೈಲ್‌ಗಳ ಬ್ಯಾಕಪ್ ಒಂದು ಇರಲಿ.

ಆಮೇಲೆ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ಸಣ್ಣಪುಟ್ಟ ದೋಷ ಇದ್ದರೆ ವಿಂಡೋಸೇ ಸರಿ ಮಾಡಿಕೊಳ್ಳುತ್ತದೆ. ರೀಸೈಕಲ್ ಬಿನ್, ಡೌನ್‌ಲೋಡ್ಸ್ ಖಾಲಿ ಮಾಡಿ. ಕಸವನ್ನು ಯಾಕೆ ಹೊತ್ತೊಯ್ಯಬೇಕು, ಅಲ್ವಾ?

ಲ್ಯಾಪ್‌ಟಾಪ್‌ನವರು ಇದನ್ನು ಎರಡು ಸಲ ಓದಿ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಬಿಟ್‌ಲಾಕರ್, ಡಿವೈಸ್ ಎನ್‌ಕ್ರಿಪ್ಷನ್ ಅನ್ನುವುದು ಇದನ್ನೇ. ಅದರ ರಿಕವರಿ ಕೀ 48 ಅಂಕಿಯದು. ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಹುಡುಕಿ, ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಬೇಡಿ. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಕ್ಲೋನ್ ಮುಗಿದ ಮೇಲೆ ಮತ್ತೆ ಆನ್ ಮಾಡಬಹುದು.

ಕೊನೆಗೆ ಕಂಪ್ಯೂಟರ್ ಆರಿಸುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ. ಅಂಥ ಡಿಸ್ಕನ್ನು ಕ್ಲೋನ್ ಸಾಫ್ಟ್‌ವೇರ್ ಮುಟ್ಟಲು ಒಪ್ಪುವುದಿಲ್ಲ.

ಯಾವುದರಿಂದ, ಯಾವುದಕ್ಕೆ

ಸಾಫ್ಟ್‌ವೇರ್ ಬಗ್ಗೆ. ಸ್ಯಾಮ್‌ಸಂಗ್‌ನಂಥ ಕಂಪನಿಗಳು ತಮ್ಮ ಡಿಸ್ಕ್ ಕೊಂಡವರಿಗೆ ಸ್ವಂತ ಕ್ಲೋನ್ ಸಾಫ್ಟ್‌ವೇರ್ ಉಚಿತವಾಗಿ ಕೊಡುತ್ತವೆ. ಬಳಸಲು ಸುಲಭ. ನಿಮ್ಮ ಡಿಸ್ಕ್‌ಗೆ ಇದ್ದರೆ ಅದನ್ನೇ ಬಳಸಿ. ಹಿಂದೆ ಎಲ್ಲರೂ ಹೇಳುತ್ತಿದ್ದ ಮ್ಯಾಕ್ರಿಯಂನ ಉಚಿತ ಆವೃತ್ತಿ ಈಗ ನಿಂತಿದೆ. ನಾನು ಬಳಸುವುದು ಕ್ಲೋನ್‌ಜಿಲ್ಲಾ. ಪೂರ್ತಿ ಉಚಿತ, ಯಾವ ಕಂಪನಿಯ ಡಿಸ್ಕ್ ಆದರೂ ಸರಿ. ನೋಡಲು ಮಾತ್ರ ಹಳೇ ಕಾಲದ ನೀಲಿ-ಬೂದು ಪರದೆ, ಮೌಸ್ ಕೆಲಸ ಮಾಡುವುದಿಲ್ಲ. ಬಾಣದ ಕೀ, ಸ್ಪೇಸ್, ಎಂಟರ್, ಅಷ್ಟೇ.

ಒಂದು ಪೆನ್‌ಡ್ರೈವ್ ತಗೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕ್ಲೋನ್‌ಜಿಲ್ಲಾದ ಐಎಸ್ಒ ಫೈಲ್ ಇಳಿಸಿಕೊಂಡು ರೂಫಸ್ ಅನ್ನೋ ಉಚಿತ ಸಾಫ್ಟ್‌ವೇರ್ ಮೂಲಕ ಪೆನ್‌ಡ್ರೈವ್‌ಗೆ ಬರೆಯಿರಿ.

ಡೆಸ್ಕ್‌ಟಾಪ್ ಆದರೆ ಹೊಸ ಡಿಸ್ಕನ್ನು ಒಳಗಿನ ಇನ್ನೊಂದು ಸಾಟಾ ಕೇಬಲ್‌ಗೆ ಸಿಕ್ಕಿಸಿ. ಲ್ಯಾಪ್‌ಟಾಪ್ ಆದರೆ ಹೊಸ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ ಕೇಬಲ್ ಅಥವಾ ಡಿಸ್ಕ್ ಕೂರಿಸುವ ಕೇಸ್ ಬೇಕು. ಯುಎಸ್‌ಬಿ 3.0 ಪೋರ್ಟ್‌ಗೇ ಹಾಕಿ, ಸಾಮಾನ್ಯವಾಗಿ ಒಳಗೆ ನೀಲಿ ಬಣ್ಣ ಇರುತ್ತದೆ. 200 ಜಿಬಿ ಮಾಲು ಹಳೆ 2.0 ಪೋರ್ಟ್‌ನಲ್ಲಿ ಒಂದೂವರೆ ಗಂಟೆ ಹಿಡಿದರೆ, ನೀಲಿ ಪೋರ್ಟ್‌ನಲ್ಲಿ ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಈಗ ನನ್ನ ಪೆದ್ದುತನದ ಕಥೆ. ಕೆಲವು ವರ್ಷಗಳ ಹಿಂದೆ ನನ್ನದೇ ಕಂಪ್ಯೂಟರ್‌ನಲ್ಲಿ ಇದೇ ಕೆಲಸಕ್ಕೆ ಕೂತಿದ್ದೆ. ಸಿ ಡ್ರೈವ್ ಚಿಕ್ಕ ಎಸ್‌ಎಸ್‌ಡಿ. ಡಿ ಡ್ರೈವ್ 1 ಟಿಬಿ ಹಾರ್ಡ್ ಡಿಸ್ಕ್, ಅದರ ತುಂಬ ಮನೆಯವರ ಫೋಟೊ. ಹೊಸದಾಗಿ ತಂದದ್ದೂ 1 ಟಿಬಿ. ಕ್ಲೋನ್‌ಜಿಲ್ಲಾದಲ್ಲಿ ಸಿ, ಡಿ ಅನ್ನೋ ಹೆಸರು ಇರುವುದಿಲ್ಲ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಇರುತ್ತದೆ. ಎರಡರ ಮುಂದೆ 1000 ಜಿಬಿ ಅಂತ ಇತ್ತು. ನಾನು ಅವಸರದಲ್ಲಿ ಮೊದಲು ಕಂಡ 1000 ಆರಿಸಿದೆ. ಅದು ‘ಅಳಿಸಲಾ?’ ಅಂತ ಕೇಳಿತು. ವೈ ಒತ್ತಿದೆ. ಮತ್ತೆ ಕೇಳಿತು. ಮತ್ತೆ ಒತ್ತಿದೆ! ಫೋಟೊಗಳು ಹೋದವು. ಕೆಲವನ್ನು ತಂಗಿಯ ಫೋನ್‌ನಿಂದ ವಾಪಸ್ ಪಡೆದೆ.

ಅಂದಿನಿಂದ ಡಿಸ್ಕ್‌ಗಳು ಎರಡೇ ಇರುವಂತೆ ನೋಡಿಕೊಳ್ಳುತ್ತೇನೆ: ಹಳೆಯದು, ಹೊಸದು. ಡಿ ಡ್ರೈವ್‌ನ ಕೇಬಲ್ ಬಿಚ್ಚಿ ಪಕ್ಕಕ್ಕಿಡುತ್ತೇನೆ. ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಅದನ್ನೂ. ಎರಡೂ ಡಿಸ್ಕ್‌ಗಳ ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಕಾಗದದಲ್ಲಿ ಬರೆದುಕೊಳ್ಳುತ್ತೇನೆ. ಕ್ಲೋನ್‌ಜಿಲ್ಲಾ ಅಳತೆ, ಮಾಡೆಲ್ ಜೊತೆಗೆ ಸೀರಿಯಲ್ ನಂಬರನ್ನೂ ತೋರಿಸುತ್ತದೆ. ತಾಳೆ ನೋಡದೆ ಎಂಟರ್ ಒತ್ತುವುದಿಲ್ಲ.

ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿ, ಎಫ್12 ಅಥವಾ ನಿಮ್ಮ ಕಂಪನಿಯ ಬೂಟ್ ಮೆನು ಕೀ ಒತ್ತಿ, ಪೆನ್‌ಡ್ರೈವ್ ಆರಿಸಿ. ಮೆನುಗಳು ಒಂದೊಂದೇ ಬರುತ್ತವೆ. ‘ಡಿವೈಸ್-ಡಿವೈಸ್’, ‘ಬಿಗಿನರ್’, ‘ಡಿಸ್ಕ್ ಟು ಲೋಕಲ್ ಡಿಸ್ಕ್’. ಆಮೇಲೆ ಸೋರ್ಸ್, ಅಂದರೆ ಹಳೆಯದು. ಟಾರ್ಗೆಟ್, ಅಂದರೆ ಹೊಸದು, ಅಳಿಸಿಹೋಗುವಂಥದ್ದು. ಉಳಿದ ಪ್ರಶ್ನೆಗಳಿಗೆ ಅದು ಮೊದಲೇ ಆರಿಸಿಟ್ಟ ಉತ್ತರವೇ ಇರಲಿ.

ನಮ್ಮ ಕಡೆ ಬೇಸಿಗೆ ಅಂದರೆ 42, 43 ಡಿಗ್ರಿ. ಎನ್‌ವಿಎಂಇ ಡಿಸ್ಕ್ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೇ ಶುರು ಮಾಡಿ, ಫ್ಯಾನ್ ಹಾಕಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು, ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿರಲಿ. ಮಧ್ಯದಲ್ಲಿ ಕರೆಂಟ್ ಹೋದರೂ ಗಾಬರಿ ಬೇಡ. ಹಳೆ ಡಿಸ್ಕನ್ನು ಬರೀ ಓದುತ್ತಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರಾಯಿತು. ನಾವಂತೂ ಶಟರ್ ಅರ್ಧ ಇಳಿಸಿ ಸುಸ್ಲಾ, ಮಿರ್ಚಿ ತಿಂದು ಬರುವಷ್ಟರಲ್ಲಿ ಮುಗಿದಿತ್ತು.

ಮುಗಿದ ಮೇಲೆ

ಕಂಪ್ಯೂಟರ್ ಆರಿಸಿ. ಹಳೆ ಡಿಸ್ಕ್ ಬಿಚ್ಚಿ. ಹೊಸದೊಂದರಿಂದಲೇ ಆನ್ ಮಾಡಿ.

ಇದನ್ನು ತುಂಬ ಜನ ಮಾಡುವುದಿಲ್ಲ. ಎರಡೂ ಡಿಸ್ಕ್‌ಗಳ ಒಳಗಿನ ಗುರುತಿನ ಸಂಖ್ಯೆ ಈಗ ಒಂದೇ. ಎರಡೂ ಒಟ್ಟಿಗೆ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಅಥವಾ ಕಂಪ್ಯೂಟರ್ ಹಳೆಯದರಿಂದಲೇ ಶುರುವಾಗಿ, ನೀವು ಹೊಸದು ಅಂದುಕೊಂಡು ಇಡೀ ದಿನ ಹಳೆಯದರಲ್ಲೇ ಕೆಲಸ ಮಾಡಿರುತ್ತೀರಿ.

ಸಾಟಾದಿಂದ ಎನ್‌ವಿಎಂಇಗೆ ಹೋದವರಿಗೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆ ಬರಬಹುದು. ಎರಡು-ಮೂರು ಸಲ ಹಾಗಾದರೆ ವಿಂಡೋಸ್ ತಾನೇ ರಿಪೇರಿ ಮೆನು ತೋರಿಸುತ್ತದೆ. ಅಲ್ಲಿಂದ ಒಂದು ಸಲ ಸೇಫ್ ಮೋಡ್‌ಗೆ ಹೋಗಿ ಬಂದರೆ ಹೊಸ ಡಿಸ್ಕ್‌ನ ಡ್ರೈವರ್ ಕೂರುತ್ತದೆ, ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇಷ್ಟೆಲ್ಲ ಆಗಿ ಗೆಳೆಯ ‘ದಿಸ್ ಪಿಸಿ’ ತೆರೆದು ನೋಡಿದ. ಸಿ ಡ್ರೈವ್ ಇನ್ನೂ ಕೆಂಪು, ಇನ್ನೂ 223ರ ಆಸುಪಾಸಲ್ಲೇ. ಆತನ ಮುಖ ಸಣ್ಣಗಾಯಿತು. ಇದು ಸಹಜ. ಹಳೆ ಡಿಸ್ಕ್‌ನ ವಿಭಾಗಗಳು ಅದೇ ಅಳತೆಯಲ್ಲಿ ಬಂದಿವೆ, ಹೆಚ್ಚಿನ ಜಾಗ ಕೊನೆಯಲ್ಲಿ ಸುಮ್ನೆ ಬಿದ್ದಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ಅನ್‌ಅಲೊಕೇಟೆಡ್’ ಅಂತ ಕಪ್ಪು ಪಟ್ಟಿ ಕಾಣುತ್ತದೆ. ಅದು ಸಿ ಪಕ್ಕದಲ್ಲೇ ಇದ್ದರೆ ಸಿ ಮೇಲೆ ರೈಟ್ ಕ್ಲಿಕ್, ‘ಎಕ್ಸ್‌ಟೆಂಡ್ ವಾಲ್ಯೂಮ್’. ಮುಗಿಯಿತು.

ಆದರೆ ನಡುವೆ ಐನೂರು, ಆರುನೂರು ಎಂಬಿಯ ರಿಕವರಿ ವಿಭಾಗ ಅಡ್ಡ ಕೂತಿರುವುದೇ ಜಾಸ್ತಿ. ಆಗ ಎಕ್ಸ್‌ಟೆಂಡ್ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬರುವುದಿಲ್ಲ. ಕೆಲವರು ಸಿಟ್ಟಿಗೆದ್ದು ಆ ವಿಭಾಗವನ್ನೇ ಅಳಿಸಿಬಿಡುತ್ತಾರೆ. ಬೇಡ, ನಾಳೆ ವಿಂಡೋಸ್ ರಿಪೇರಿಗೆ ಅದೇ ಬೇಕಾಗುತ್ತದೆ. ಜಿಪಾರ್ಟೆಡ್ ಅನ್ನೋ ಉಚಿತ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ. ಹಳೆ ಡಿಸ್ಕ್ ಈಗಲೂ ಹೊರಗೇ ಇರಲಿ. ರಿಕವರಿ ವಿಭಾಗವನ್ನು ಮೌಸ್‌ನಿಂದ ಎಳೆದು ಕೊನೆಗೆ ತಳ್ಳಿ, ಸಿ ಯನ್ನು ಅದರವರೆಗೆ ಹಿಗ್ಗಿಸಿ, ‘ಅಪ್ಲೈ’ ಕೊಡಿ. ಈ ಹೊತ್ತಿಗೆ ಕರೆಂಟ್ ಹೋಗಬಾರದು. ಹೋಗಿ ಕೆಟ್ಟರೆ ಹಳೆ ಡಿಸ್ಕ್ ಇದ್ದೇ ಇದೆ, ಮತ್ತೆ ಕ್ಲೋನ್ ಮಾಡಬೇಕಾಗುತ್ತದೆ ಅಷ್ಟೇ.

ವಿಂಡೋಸ್‌ನ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ್ದಕ್ಕೆ ಅದು ತಕರಾರು ಮಾಡುವುದಿಲ್ಲ. ಕೆಲವು ಲೆಕ್ಕಪತ್ರದ ಸಾಫ್ಟ್‌ವೇರ್‌ಗಳು ಲೈಸೆನ್ಸ್ ಮತ್ತೆ ಕೇಳಬಹುದು. ಅದರ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ಮೊದಲೇ ವಿಚಾರಿಸಿಡಿ.

ಹಳೆ ಡಿಸ್ಕನ್ನು ಒಂದು ತಿಂಗಳು ಮುಟ್ಟಬೇಡಿ. ಮೇಲೆ ತಾರೀಖು ಬರೆದ ಟೇಪ್ ಅಂಟಿಸಿ ಎತ್ತಿಡಿ. ಗೆಳೆಯನದು ಗಲ್ಲಾದ ಡ್ರಾಯರ್‌ನಲ್ಲಿತ್ತು. ತಿಂಗಳಾದ ಮೇಲೆ ಅದನ್ನು ಖಾಲಿ ಮಾಡಿ, ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳೋಣ ಎಂದೆ. ಆತ ನನ್ನ ಕೈಗೆ ಡಿಸ್ಕ್ ಕೊಡುವ ಮುಂಚೆ ಎದ್ದು ಹೋಗಿ, ಡಿ ಡ್ರೈವ್‌ನ ಕೇಬಲ್ ತಾನೇ ಬಿಚ್ಚಿ ಬಂದ.