ಬಳೆ ತೊಡುವಾಗಿನ ಕೈ

ಆಕೆಗೆ 32 ವರ್ಷ. ಕೈಕಾಲು ಜೋಮು, ಸುಸ್ತು ಅಂತ ನಾಲ್ಕು ವರ್ಷದಿಂದ ಆಸ್ಪತ್ರೆಗಳಿಗೆ ಅಲೆದಾಟ. ಹೋದಲ್ಲೆಲ್ಲ ‘ಟೆನ್ಷನ್’ ಅಂದಿದ್ದರು. ನಾನೂ ಮೊದಲ ಸಲ ವಿಟಮಿನ್ ಮಾತ್ರೆ ಬರೆದು ಕಳಿಸಿದ್ದೆ.

ಎರಡನೇ ಸಲ ಬಂದಾಗ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿದೆ. ಅಷ್ಟರಲ್ಲಿ ನರ್ಸ್ ಏನೋ ಕೇಳಿದರು, ಪಟ್ಟಿ ಬಿಗಿಯಾಗೇ ಉಳಿಯಿತು. ತಿರುಗಿದರೆ ಆಕೆಯ ಮಣಿಕಟ್ಟು ಬಗ್ಗಿದೆ, ಬೆರಳು ಕೂಡಿಕೊಂಡಿವೆ, ಹೆಬ್ಬೆರಳು ಒಳಗೆ ಸರಿದಿದೆ. ಥೇಟ್ ಬಳೆಗಾರ ಚಿಕ್ಕ ಬಳೆ ಏರಿಸುವಾಗ ಹಿಡಿಯುವ ಹಾಗೆ.

“ಹಿಂಗೇ ಆಗೋದು ಡಾಕ್ಟ್ರೇ, ಹೇಳಿದ್ರೆ ಯಾರೂ ನಂಬಲ್ಲ.”

ಬಿಪಿ 94/60. ರಕ್ತದಲ್ಲಿ ಪೊಟ್ಯಾಸಿಯಂ 2.5, ಮೆಗ್ನೀಸಿಯಂ 1.0, ಎರಡೂ ಕಡಿಮೆ. ಬೈಕಾರ್ಬೊನೇಟ್ 32, ಜಾಸ್ತಿ. ಕ್ಯಾಲ್ಸಿಯಂ ಸರಿಯಿತ್ತು. ವಾಂತಿಯಿಂದಲೂ ಪೊಟ್ಯಾಸಿಯಂ ಇಳಿಯುತ್ತದೆ, ಆದರೆ ಆಗ ಮೂತ್ರದಲ್ಲಿ ಕ್ಲೋರೈಡ್ ಕಡಿಮೆ ಇರಬೇಕು. ಇವರಿಗೆ ಜಾಸ್ತಿ ಇತ್ತು. ತೂಕ ಇಳಿಸಲು ಕದ್ದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರಾ ಅಂತ ಅನುಮಾನಪಟ್ಟು ಕೇಳಿಯೂ ಬಿಟ್ಟೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡರು. ಮೂತ್ರದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ ಬಂದ ಮೇಲೆ ಗಿಟಲ್‌ಮನ್ ಸಿಂಡ್ರೋಮ್ ಕಡೆ ಯೋಚನೆ ಹೊರಳಿತು.

1966ರಲ್ಲಿ ಗುರುತಿಸಿದ ಕಾಯಿಲೆ ಇದು. ಕಿಡ್ನಿಯ ಸಣ್ಣ ನಾಳದಲ್ಲಿ ಉಪ್ಪನ್ನು ವಾಪಸ್ ಎಳೆದುಕೊಳ್ಳುವ ಒಂದು ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತದೆ, ಹಾಗಾಗಿ ಬಿಪಿ ಕಡಿಮೆ, ಉಪ್ಪಿನ ಆಸೆ ಜಾಸ್ತಿ. ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಮುಚ್ಚುವುದೂ ಅದೇ ಬಾಗಿಲನ್ನ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಯಿಲೆ. ಇವರ ತಾಯಿ ಸೋದರಮಾವನನ್ನೇ ಮದುವೆಯಾದವರು. ಎಸ್‌ಎಲ್‌ಸಿ12ಎ3 ಅನ್ನುವ, ಆ ಬಾಗಿಲಿನ ಜೀನ್ ಪರೀಕ್ಷೆಯೂ ಇದೇ ಕಾಯಿಲೆ ಅಂತ ಹೇಳಿತು.

ಆಮೇಲೆ ನಾನು ಹಳೇ ಫೈಲುಗಳನ್ನ ತೆಗೆದೆ. ಮಂಡಿ ಊದಿಕೊಂಡು ಬರುತ್ತಿದ್ದ ಒಬ್ಬರಿಗೆ ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವು) ಅಂತ ಔಷಧಿ ಕೊಟ್ಟಿದ್ದೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿಯ ಒಳಗೆ ತೆಳ್ಳಗೆ ಸುಣ್ಣದ ಗೆರೆ ಇತ್ತು. ಮೆಗ್ನೀಸಿಯಂ ಕಡಿಮೆಯಾದರೂ ಹಾಗಾಗುತ್ತದೆ. ಅದೇ ಫೈಲಲ್ಲಿ ಪೊಟ್ಯಾಸಿಯಂ 2.9! ಕರೆಸಿ ನೋಡಿದರೆ ಇವರದೂ ಅದೇ ಕಥೆ.

ಈಗ ಪೊಟ್ಯಾಸಿಯಂ ಕಡಿಮೆ ಕಂಡರೆ ಮೊದಲು ಬಿಪಿ ನೋಡುತ್ತೇನೆ, ಆಮೇಲೆ “ಮಜ್ಜಿಗೆಗೆ ಎಷ್ಟು ಉಪ್ಪು ಹಾಕ್ಕೋತೀರಿ?” ಅಂತ ಕೇಳುತ್ತೇನೆ. ಆ ಬಳೆ ಕೈಯ ಮೊದಲಿನಾಕೆ ಇದಕ್ಕೆ ನಕ್ಕಿದ್ದರು. ಉಪ್ಪಿನಕಾಯಿಯ ರಸವನ್ನೇ ಚಮಚದಲ್ಲಿ ಕುಡಿಯುವವರಂತೆ. ಬಿಪಿ ಬರುತ್ತೆ ಅಂತ ಅತ್ತೆ ಭರಣಿ ಬಚ್ಚಿಡುತ್ತಿದ್ದರು.

ಬರೀ ಪೊಟ್ಯಾಸಿಯಂ ಕೊಟ್ಟರೆ ನಿಲ್ಲುವುದಿಲ್ಲ, ಮೆಗ್ನೀಸಿಯಂ ಜೊತೆಗಿರಲೇಬೇಕು. ಒಂದೇ ಸಲ ಕೊಟ್ಟರೆ ಭೇದಿ, ಹಾಗಾಗಿ ಮೂರ್ನಾಲ್ಕು ಪಾಲು ಮಾಡಿದೆ. ಪೊಟ್ಯಾಸಿಯಂ ಈಗ 3.2ರ ಆಸುಪಾಸು. ಅದಕ್ಕಿಂತ ಮೇಲೆ ಹತ್ತಿಸಲು ನಾನೂ ಹಟ ಮಾಡಿಲ್ಲ. ಅತ್ತೆಯನ್ನ ಒಳಗೆ ಕರೆದು, “ಅಮ್ಮಾ, ಭರಣಿ ಬಚ್ಚಿಡಬೇಡಿ” ಅಂದೆ. ಅವರು ನನ್ನ ಮುಖವನ್ನೇ ಅನುಮಾನದಿಂದ ನೋಡಿದರು.