ಟವೆಲ್ ಹಿಡಿದು ಕಲಿಸಿದ ಬ್ಲೂಸ್

ಕಳೆದ ಬ್ಯಾಚಿನ ಕೊನೆಯ ದಿನ ಹಾಲ್‌ನಲ್ಲಿ 17 ಜನ ಇದ್ದರು. ಎಂಟು ವಾರದ ಹಿಂದೆ ಸೇರಿದ್ದವರು 22. ನಾನು ಮೈಸೂರಿನಲ್ಲಿ ಬ್ಲೂಸ್, ಸ್ವಿಂಗ್ ಎಂಬ ಅಮೆರಿಕದ ಜೋಡಿ ನೃತ್ಯಗಳನ್ನು ಕಲಿಸುತ್ತೇನೆ. ಬ್ಲೂಸ್ ನಿಧಾನದ್ದು, ಸ್ವಿಂಗ್ ಚುರುಕಿನದು. ಇಲ್ಲಿ ಜೋಡಿ ನೃತ್ಯ ಕಲಿಸುವವರಿಗೆ ಇದು ಎಷ್ಟು ಕಷ್ಟದ ಲೆಕ್ಕ ಅಂತ ಗೊತ್ತು. ನನ್ನ ಮೊದಲ ಬ್ಯಾಚಿಗೆ 14 ಜನ ಸೇರಿದ್ದರು. ಮೂರನೇ ತಿಂಗಳಿಗೆ ಉಳಿದದ್ದು ಮೂವರು.

"ಬ್ಲೂಸು, ಸ್ವಿಂಗು ಎಲ್ಲ ಬೆಂಗಳೂರಿಗೆ ಸರಿ. ಇಲ್ಲಿ ಕೈ ಹಿಡಿಯೋಕೇ ಯಾರೂ ಒಪ್ಪಲ್ಲ" ಎಂದವರು ಒಬ್ಬಿಬ್ಬರಲ್ಲ. ಇಪ್ಪತ್ತು ವರ್ಷದಿಂದ ಡ್ಯಾನ್ಸ್ ಕ್ಲಾಸ್ ನಡೆಸುತ್ತಿರುವ ಹಿರಿಯರೊಬ್ಬರು ಪ್ರೀತಿಯಿಂದಲೇ ಬುದ್ಧಿ ಹೇಳಿದರು. "ಜುಂಬಾ ಶುರು ಮಾಡಮ್ಮ, ಬಾಡಿಗೆಯಾದ್ರೂ ಹುಟ್ಟುತ್ತೆ." ಅವರ ಲೆಕ್ಕ ತಪ್ಪಲ್ಲ. ಆದರೆ ನನಗೆ ಕಲಿಸಬೇಕು ಅನಿಸಿದ್ದು ಇದೊಂದೇ.

ನಾನು ಕಲಿತದ್ದು ಬೆಂಗಳೂರಿನಲ್ಲಿ, ಅಲ್ಲಿ ಕೆಲಸಕ್ಕಿದ್ದ ನಾಲ್ಕು ವರ್ಷದಲ್ಲಿ. ಇಲ್ಲಿಗೆ ಬಂದು, ಕಲಿತ ಹಾಗೆಯೇ ಕಲಿಸಲು ಹೋದೆ. ಮೊದಲ ದಿನವೇ ಹಿಂದಕ್ಕೆ ಹೆಜ್ಜೆಯಿಟ್ಟು ಮರಳುವ ರಾಕ್ ಸ್ಟೆಪ್, ಮೂರು ಚುರುಕು ಹೆಜ್ಜೆಯ ಟ್ರಿಪಲ್ ಸ್ಟೆಪ್. ಆಮೇಲೆ ಆರು ಕೌಂಟು, ಎಂಟು ಕೌಂಟಿನ ಹೆಜ್ಜೆಗಳು, ಎರಡನೇ ತಿಂಗಳಿಗೆ ಜೊತೆಯವರನ್ನು ಸೆಳೆದು ಮತ್ತೆ ದೂರಕ್ಕೆ ಬಿಡುವ ಸ್ವಿಂಗ್ ಔಟ್. ಎಲ್ಲರೂ ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದರು. ಕಣ್ಣು ಕಾಲಿನ ಮೇಲೆ. ಇವರಿಗೆ ಹಾಡು ಕೇಳಿಸುತ್ತಿದೆಯಾ ಅಂತ ಅನುಮಾನ ಬಂತು. ಒಂದು ಸಂಜೆ ಸುಮ್ನೆ ಹಾಡು ನಿಲ್ಲಿಸಿ ನೋಡಿದೆ. ಅರ್ಧ ನಿಮಿಷ ಹಾಗೇ ಕುಣಿಯುತ್ತಲೇ ಇದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದುಡ್ಡಿನ ವಿಷಯ ಮುಚ್ಚಿಡಲ್ಲ. ಕುವೆಂಪುನಗರದಲ್ಲಿ ಅಂಗಡಿಯೊಂದರ ಮೇಲಿನ ಹಾಲ್. ಗಂಟೆಗೆ 350 ರೂಪಾಯಿ. ವಾರಕ್ಕೆ ಮೂರು ದಿನ, ಎರಡೆರಡು ಗಂಟೆ. ತಿಂಗಳಿಗೆ ಎಂಟು ಸಾವಿರದ ಮೇಲಾಗುತ್ತಿತ್ತು. ತಿಂಗಳ ಫೀಸು 1200. ಮೊದಲ ತಿಂಗಳು ಸರಿಹೋಯಿತು, ಆಮೇಲೆ ಕೈಯಿಂದಲೇ ಹಾಕಿದೆ. ಸ್ಪೀಕರಿಗೆ 11 ಸಾವಿರ. ಗೋಡೆಗೆ ಕನ್ನಡಿ ಹಾಕಿಸಲು ಸುಮಾರು 18 ಸಾವಿರ. ಆರು ತಿಂಗಳಲ್ಲಿ ಬಂದದ್ದೆಲ್ಲ ಕಳೆದು 40 ಸಾವಿರದಷ್ಟು ಹೋಯಿತು. ಅದರಲ್ಲಿ ಕನ್ನಡಿಯ ದುಡ್ಡಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕನ್ನಡಿ ಇದ್ದರೆ ಎಲ್ಲರೂ ತಮ್ಮನ್ನೇ ನೋಡಿಕೊಳ್ಳುತ್ತಾರೆ, ಎದುರಿಗೆ ನಿಂತವರನ್ನು ನೋಡಲ್ಲ. ಕೊನೆಗೆ ಅದರ ಮೇಲೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟೆ.

ಕೈ ಹಿಡಿಯುವುದು ದೊಡ್ಡ ತೊಡಕೇ ಆಗಿತ್ತು. ಅದನ್ನು ಹೇಳಿದವರು ಸುಳ್ಳು ಹೇಳಿರಲಿಲ್ಲ. "ಜೋಡಿಯಾಗಿ" ಅಂದ ಕೂಡಲೇ ಗಂಡಸರು ಪ್ಯಾಂಟಿಗೆ ಕೈ ಒರೆಸಿಕೊಳ್ಳುವರು. ಹೆಂಗಸರು ಗೆಳತಿಯರ ಪಕ್ಕಕ್ಕೆ ಸರಿಯುವರು. ಹಿಡಿದರೂ ಒಂದೋ ಬಾಡಿದ ಸೊಪ್ಪಿನ ಹಾಗೆ, ಇಲ್ಲಾ ಸಿಟಿ ಬಸ್ಸಿನ ಕಂಬಿ ಹಿಡಿದ ಹಾಗೆ. ಎರಡರಲ್ಲೂ ಸೆಳೆತವೇ ಇಲ್ಲ. ಸೆಳೆತ ಇಲ್ಲದೆ ಸ್ವಿಂಗ್ ಔಟ್ ಎಲ್ಲಿಂದ ಬರಬೇಕು?

ಉಪಾಯ ಹೊಳೆದದ್ದು ನಮ್ಮ ಮನೆಯ ತಾರಸಿಯ ಮೇಲೆ. ಒಗೆದ ಬೆಡ್‌ಶೀಟಿನ ಒಂದು ತುದಿ ಅಮ್ಮ, ಇನ್ನೊಂದು ತುದಿ ನಾನು ಹಿಡಿದು ಹಿಂಡುತ್ತಿದ್ದೆವು. ಅಮ್ಮ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ನನ್ನ ಸೊಂಟ ತಾನಾಗಿ ಕೆಳಗಿಳಿಯುತ್ತಿತ್ತು. ನಾನು ಎಳೆದರೆ ಅವಳು ಕಾಲೂರಿ ನಿಲ್ಲುತ್ತಿದ್ದಳು. ಮಾತಿಲ್ಲ, ಎಣಿಕೆ ಇಲ್ಲ. ಡ್ಯಾನ್ಸ್ ಕ್ಲಾಸಿನ ಮುಖವನ್ನೇ ನೋಡದ ಅಮ್ಮನಿಗೆ, ನಾನು ಮೂರು ತಿಂಗಳು ಹೇಳಿಯೂ ಕಲಿಸಲಾಗದ್ದು ಬರುತ್ತಿತ್ತು.

ಮಾರನೇ ದಿನವೇ ಸಂತೆಪೇಟೆಗೆ ಹೋಗಿ ಹನ್ನೆರಡು ಟವೆಲ್ ತಂದೆ. ತೆಳು ಕಾಟನ್ನಿನದು, ಒಂದಕ್ಕೆ 70-80 ರೂಪಾಯಿ. ಟರ್ಕಿ ಟವೆಲ್ ಬೇಡ, ಅದು ದಪ್ಪ, ಸೆಳೆತ ಅದರಲ್ಲೇ ಇಂಗಿಹೋಗುತ್ತದೆ. ಉದ್ದಕ್ಕೆ ಸುತ್ತಿ ಇಬ್ಬರ ನಡುವೆ ಹಿಡಿಸುತ್ತೇನೆ. ಮೊದಲ ಎರಡು ವಾರ ಪೂರ್ತಿ ಉದ್ದ. ಮೂರನೇ ವಾರ ಮಡಚಿ ಅರ್ಧ. ನಾಲ್ಕನೇ ವಾರ ಒಂದು ಗೇಣು. ಐದನೇ ವಾರ ಟವೆಲ್ ಹೆಗಲ ಮೇಲೆ ಹೋಗುತ್ತದೆ, ಕೈ ಕೈಯಲ್ಲಿರುತ್ತದೆ. ಹಿಡಿಯಿರಿ ಅಂತ ನಾನು ಹೇಳಲೇ ಇಲ್ಲ! ತಳ್ಳುವುದನ್ನು ಮಾತ್ರ ಟವೆಲ್ ಕಲಿಸಲ್ಲ. ಅದಕ್ಕೆ ನನ್ನ ಹತ್ತಿರ ಬೇರೊಂದು ದಾರಿ ಇದೆ. ಅದನ್ನು ಹುಡುಕಲು ಎರಡು ಬ್ಯಾಚ್ ಹಿಡಿಯಿತು, ಹಾಗಾಗಿ ಇಲ್ಲಿ ಬರೆಯಲ್ಲ.

ಇನ್ನೊಂದು ಬದಲಾವಣೆ, ಬ್ಲೂಸ್ ಮೊದಲು, ಸ್ವಿಂಗ್ ಆಮೇಲೆ. ಇದಕ್ಕೂ ತಕರಾರು ಬಂತು. "ನಿಧಾನದ ಹಾಡಿಗೆ ಜನ ನಿದ್ದೆ ಹೋಗ್ತಾರೆ" ಎಂದರು. ನಿಧಾನ ಇದ್ದರೆ ತಾನೇ ಕೇಳಲು ಪುರುಸೊತ್ತು? ನಿಮಿಷಕ್ಕೆ 70 ಬೀಟ್ ಸುತ್ತಮುತ್ತಲಿನ ಹಾಡುಗಳನ್ನೇ ಹಾಕುತ್ತೇನೆ. ಐದು ವಾರ ಬರೀ ನಡಿಗೆ, ತೂಕ, ಉಸಿರು. ಮತ್ತೆ ಹನ್ನೆರಡು ಬಾರ್.

ಹನ್ನೆರಡು ಬಾರ್ ಅಂದರೆ ಬ್ಲೂಸ್ ಹಾಡಿನ ಕಟ್ಟು, ಬಾರ್ ಅಂದರೆ ನಾಲ್ಕು ಬೀಟಿನ ಒಂದು ಸುತ್ತು. ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಮೂರನೆಯದು ಅದಕ್ಕೆ ಉತ್ತರ. ಒಂದೊಂದು ಸಾಲಿಗೂ ನಾಲ್ಕು ಬಾರ್. ಹಾಡುವವರ ದನಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಉಳಿದ ಜಾಗ ಗಿಟಾರ್‌ಗೋ ಪಿಯಾನೋಗೋ ಬಿಟ್ಟದ್ದು. ನನ್ನ ಪಾಠ ಇರುವುದು ಆ ಬಿಟ್ಟ ಜಾಗದಲ್ಲಿ. ದನಿ ಇರುವಾಗ ಒಬ್ಬರು ಮೈಯಿಂದ ಏನೋ ಹೇಳಬೇಕು. ದನಿ ನಿಂತಾಗ ಎದುರಿನವರು ಉತ್ತರ ಕೊಡಬೇಕು. ಎರಡನೇ ಸಾಲಿಗೆ ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ಹೇಳಬೇಕು. ಯಾವ ಸ್ಟೆಪ್ಪನ್ನೂ ನಾನು ತೋರಿಸಲ್ಲ. ತೋರಿಸಿದರೆ ಎಲ್ಲರೂ ನನ್ನದನ್ನೇ ಮಾಡುತ್ತಾರೆ.

ಇದನ್ನು ಮೊದಲ ಸಲ ಮಾಡಿಸಿದಾಗ ಮಳವಳ್ಳಿ ಕಡೆಯ ಹುಡುಗನೊಬ್ಬ ಕೇಳಿದ. "ಮೇಡಂ, ನಮ್ಮೂರಲ್ಲಿ ನೀಲಗಾರರು ಪದ ಹೇಳ್ವಾಗ ಹಿಂದಿನೋರು ಸೊಲ್ಲು ತಗೋತಾರಲ್ಲ, ಅಂಗೇ ಅಲ್ವಾ?" ಹಾಗೇ ಹೌದು, ಆದರೆ ಅದೇ ಅಲ್ಲ ಎಂದೆ. ಬ್ಲೂಸ್ ಅಮೆರಿಕದ ದಕ್ಷಿಣದ ಕಪ್ಪು ಜನರ ದುಡಿಮೆ, ನೋವು, ನಗೆಯಿಂದ ಬಂದದ್ದು. ನಾವು ಕಲಿಯಬಹುದು, ನಮ್ಮದೇ ಅಂತ ಹೇಳಿಕೊಳ್ಳಬಾರದು. ಪ್ರತಿ ಬ್ಯಾಚಿನಲ್ಲೂ ಇದನ್ನು ಹೇಳಿಯೇ ಹೇಳುತ್ತೇನೆ. ಆದರೆ ಕೇಳಿ ಉತ್ತರ ಕೊಡುವ ಕಿವಿ ಆ ಹುಡುಗನಿಗೆ ಊರಿಂದಲೇ ಬಂದಿತ್ತು. ಮೊದಲ ದಿನವೇ ಉಳಿದವರೆಲ್ಲ ಅವನನ್ನು ನೋಡುತ್ತ ನಿಂತರು.

ಅದೇ ಬ್ಯಾಚಿನಲ್ಲಿ ಅಂಚೆ ಇಲಾಖೆಯವರೊಬ್ಬರಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ. ಮೂರು ವಾರ, ತಮ್ಮ ಸರದಿ ಬಂದಾಗ ಸುಮ್ಮನೆ ನಿಂತುಬಿಡುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕನೇ ವಾರ ಅಮೆರಿಕದ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡಿದ 1925ರ ರೆಕಾರ್ಡಿಂಗ್ ಒಂದನ್ನು ಹಾಕಿದ್ದೆ. ಅದರಲ್ಲಿ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ತುತ್ತೂರಿಯಂಥ ಕಾರ್ನೆಟ್ ಊದಿದ್ದಾರೆ, ಬೆಸ್ಸಿಯ ಸಾಲು ಮುಗಿಯುತ್ತಿದ್ದ ಹಾಗೆ ಕಾರ್ನೆಟ್ ಉತ್ತರ ಕೊಡುತ್ತದೆ. ದನಿ ನಿಂತಿತು. ಇವರ ಎಡ ಭುಜ ನಿಧಾನವಾಗಿ ಕೆಳಗಿಳಿಯಿತು. ಮುಖ ಪಕ್ಕಕ್ಕೆ ಹೊರಳಿತು. ಕಾರ್ನೆಟ್ಟಿನ ಕೊನೆಯ ಸ್ವರ ಕರಗುವಾಗ ಬಲಗಾಲನ್ನು ಮುಂದಿಟ್ಟರು, ಅಷ್ಟೇ. ಟವೆಲಿನ ಆ ತುದಿಯಲ್ಲಿದ್ದ ಹೆಂಗಸಿನ ಕಣ್ಣಲ್ಲಿ ನೀರಿತ್ತು.

ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಸ್ವಿಂಗ್ ನೃತ್ಯಗಾರ ಫ್ರಾಂಕಿ ಮ್ಯಾನಿಂಗ್ ಕಥೆ ಹೇಳಿದೆ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಸವಾಯ್ ಬಾಲ್‌ರೂಮ್ ಎಂಬ ನೃತ್ಯದ ಹಾಲ್ ತೆರೆದದ್ದು 1926ರಲ್ಲಿ. ಕಪ್ಪು ಬಿಳಿ ಅನ್ನದೆ ಎಲ್ಲರೂ ಒಂದೇ ನೆಲದ ಮೇಲೆ ಕುಣಿದ ಜಾಗ ಅದು. 1935ರಲ್ಲಿ ಅಲ್ಲಿ ಜೊತೆಗಾತಿಯನ್ನು ಬೆನ್ನ ಮೇಲಿಂದ ಹಾರಿಸಿ ಲಿಂಡಿ ಹಾಪ್ ಎಂಬ ಸ್ವಿಂಗ್ ನೃತ್ಯಕ್ಕೆ ಏರ್ ಸ್ಟೆಪ್ ತಂದವರು ಫ್ರಾಂಕಿ. ಸ್ವಿಂಗ್ ಕಾಲ ಮುಗಿದ ಮೇಲೆ ಅಂಚೆ ಕಚೇರಿ ಸೇರಿ ಮೂರು ದಶಕ ದುಡಿದರು. 1980ರ ದಶಕದಲ್ಲಿ, ಅವರಿಗೆ ಎಪ್ಪತ್ತು ದಾಟಿದ್ದಾಗ, ಹೊಸಬರು ಹುಡುಕಿಕೊಂಡು ಬಂದು ಕಲಿಸಿ ಎಂದರು. 2009ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅದೇ ಅವರ ಬದುಕಾಯಿತು. ನಮ್ಮ ಅಂಚೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನಗಿನ್ನೂ ಟೈಮ್ ಇದೆ ಅನ್ನಿ ಮೇಡಂ" ಎಂದರು. ಅವರು ಒಂದು ಕ್ಲಾಸೂ ತಪ್ಪಿಸಲಿಲ್ಲ.

ಆರನೇ ವಾರ ಸ್ವಿಂಗ್. ಇಲ್ಲಿ ಮೈಸೂರಿನವರು ನನಗೆ ತುಂಬ ಸುಲಭ ಮಾಡಿಕೊಟ್ಟರು. ಬ್ಯಾಚಿನಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಸಂಗೀತಕ್ಕೋ ಭರತನಾಟ್ಯಕ್ಕೋ ಹೋದವರೇ. ಟ್ರಿಪಲ್ ಸ್ಟೆಪ್ಪಿನ ಉದ್ದ ಗಿಡ್ಡ ಹೇಗೆ ಅಂತ ಗಂಟೆಗಟ್ಟಲೆ ವಿವರಿಸುತ್ತಿದ್ದೆ. ಒಂದು ದಿನ "ತಕಿಟ ಹೇಳಿ, ನಡುವಿನ ಕಿ ನುಂಗಿ" ಅಂದೆ. ತ… ಟ, ತ… ಟ. ಕೂಡಲೇ ಬಂತು. ವೇಗ ಏರಿದ ಹಾಗೆ ಆ ಏರುಪೇರು ತಾನಾಗಿ ಸಮ ಆಗುತ್ತದೆ, ಅದನ್ನು ಹೇಳಬೇಕಾಗಿಯೂ ಇಲ್ಲ. ಭರತನಾಟ್ಯದವರಿಗೆ ಒಂದೇ ಕಷ್ಟ. ನೆಲವನ್ನು ತಟ್ಟುತ್ತಾರೆ. ಅವರನ್ನು ಒಂದು ವಾರ ಬರಿ ಸಾಕ್ಸ್‌ನಲ್ಲಿ ಬಿಟ್ಟೆ, ಸರಿಹೋಯಿತು. 120, 130 ಬೀಟ್‌ನಲ್ಲಿ ಎಲ್ಲರೂ ನಗುತ್ತ ಕುಣಿಯುತ್ತಾರೆ. ಅದಕ್ಕಿಂತ ಮೇಲಕ್ಕೆ ಎಂಟು ವಾರದಲ್ಲಿ ಹೋಗಲ್ಲ.

ನೆಲದ ಮಾತು ಬಂತಲ್ಲ. ಹಳೆಯ ಹಾಲ್‌ನಲ್ಲಿ ಕೆಂಪು ಆಕ್ಸೈಡ್ ನೆಲ. ಶೂ ಅಂಟುತ್ತದೆ ಅಂತ ಪೌಡರ್ ಉದುರಿಸಿದೆ. ಒಬ್ಬರು ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡರು. ಎಕ್ಸ್‌ರೇ ಖರ್ಚು ನಾನೇ ಕೊಟ್ಟೆ. ಪೌಡರ್ ಹಾಕಲೇಬೇಡಿ. ಈಗ ಚಪ್ಪಲಿ ಹೊಲಿಯುವವರೊಬ್ಬರು ಕ್ಯಾನ್ವಾಸ್ ಶೂಗೆ ತೆಳು ಚರ್ಮದ ಅಡಿ ಅಂಟಿಸಿಕೊಡುತ್ತಾರೆ, ಒಂದು ಜೊತೆ ಶೂಗೆ 150 ರೂಪಾಯಿ. ಆ ಖರ್ಚೂ ಬೇಡ ಅನ್ನುವವರು ಹಳೆಯ ಸಾಕ್ಸಿನ ತುದಿ ಕತ್ತರಿಸಿ ಶೂ ಮೇಲೆ ಎಳೆದುಕೊಳ್ಳಲಿ.

ಈಗಿನ ಜಾಗ ಕಲ್ಯಾಣ ಮಂಟಪದ ಊಟದ ಹಾಲ್. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಮಂಟಪ ಖಾಲಿ ಬಿದ್ದಿರುತ್ತದೆ. ನನ್ನ ಬ್ಯಾಚುಗಳು ಆಗಲೇ ಶುರು. ಮಂಗಳವಾರ, ಗುರುವಾರ ಸಂಜೆ. ಮುಹೂರ್ತ ಬಂದರೆ ರಜಾ. ಬಾಡಿಗೆ ಎಷ್ಟಕ್ಕೆ ಕುದುರಿತು ಅಂತ ಹೇಳಿದರೆ ನಾಳೆ ನೀವೆಲ್ಲ ಅಲ್ಲೇ ಇರುತ್ತೀರಿ! ಎಂಟು ವಾರಕ್ಕೆ ಫೀಸು 2500. ಕಳೆದ ಬ್ಯಾಚಿನಲ್ಲಿ 55 ಸಾವಿರ ಬಂತು, ಖರ್ಚು 14-15 ಸಾವಿರ ಆಗಿರಬಹುದು.

ಪ್ರಯೋಗಗಳು ಬೇಕಾದಷ್ಟು ಮಾಡಿದ್ದೇನೆ. ಒಂದು ದಿನ ತಮಟೆಯವರನ್ನು ಕರೆಸಿದೆ, 1500 ಕೊಟ್ಟೆ. ಹಾಲ್ ಅದುರಿತು, ಆದರೆ ಯಾರೂ ಜೊತೆಯವರನ್ನು ಕೇಳಿಸಿಕೊಳ್ಳಲಿಲ್ಲ. ಆದರೂ ಬ್ಯಾಚಿಗೊಂದು ಸಲ ಕರೆಸುತ್ತೇನೆ, ತೀರಾ ನಾಚಿಕೆಯವರು ಅವತ್ತು ಬಿಚ್ಚಿಕೊಳ್ಳುತ್ತಾರೆ. ಹಾಡಿಗೊಮ್ಮೆ ಜೋಡಿ ಬದಲಾಗಬೇಕು ಅಂತ ನಿಯಮ ಮಾಡಿದಾಗ ಒಬ್ಬ ಗಂಡ ಒಪ್ಪಲಿಲ್ಲ. ಅರ್ಧ ಫೀಸು ವಾಪಸ್ ಕೊಟ್ಟು ಕಳಿಸಿದೆ, ನಿಯಮ ಬಿಡಲಿಲ್ಲ. ನನಗೆ ತುಂಬ ಇಷ್ಟವಾದದ್ದು ಕುಕ್ಕರಹಳ್ಳಿ ಕೆರೆಯ ಹೋಂವರ್ಕ್. ಬೆಳಗ್ಗೆ ವಾಕಿಂಗ್ ಬರುವವರಲ್ಲಿ ಒಬ್ಬರ ನಡಿಗೆಯನ್ನು ಕದ್ದು ತರಬೇಕು. ಕೋಲೂರಿ ನಡೆಯುವ ಅಜ್ಜನ ನಡಿಗೆಯನ್ನು ಒಬ್ಬಳು ತಂದಳು. ಅವಳ ಬ್ಲೂಸ್ ಪೂರ್ತಿ ಅದರ ಮೇಲೇ ನಿಂತಿದೆ.

ಮುಂದಿನ ಬ್ಯಾಚಿಗೆ ಇಪ್ಪತ್ತು ಹೊಸ ಟವೆಲ್ ತಂದಿಟ್ಟಿದ್ದೇನೆ. ಅಂಗಡಿಯ ಗಂಜಿ ಇದ್ದರೆ ಕೈಯಲ್ಲಿ ಜಾರುತ್ತದೆ. ನಾಲ್ಕು ಸಲವಾದರೂ ಒಗೆಯಬೇಕು. ಎರಡು ಸಲ ಆಗಿದೆ. ಹಿಂಡುವಾಗ ಆ ತುದಿ ಅಮ್ಮನೇ ಹಿಡಿಯುತ್ತಾಳೆ.